ಸೈರನ್ ಕೂಗಿದಾಗ ಒಳಗಿರಬೇಕು

ಯುದ್ಧ ಆಗುತ್ತದೋ ಇಲ್ಲವೋ ಟಿ.ವಿ.ಯವರಿಗೇ ಗೊತ್ತಿರಲಿಲ್ಲ, ಇನ್ನು ಹೋಂ ಗಾರ್ಡ್ ಆದ ನನಗೇನು ಗೊತ್ತು? ಬಂಗಾರಪೇಟೆ ಸ್ಟ್ಯಾಂಡಿನಲ್ಲಿ ಬಸ್ಸುಗಳಿಗೆ ಸೀಟಿ ಊದುವುದು, ಚುನಾವಣೆಯಲ್ಲಿ ಬೂತಿನ ಮುಂದೆ ಜನರನ್ನು ಸಾಲಾಗಿ ನಿಲ್ಲಿಸುವುದು, ಇಷ್ಟೇ ನನ್ನ ವಿದ್ಯೆ. ಹಾಗಿರುವಾಗ ಒಂದು ದಿನ ಅಣಕು ಕವಾಯತು ಎಂದರು. ಮಧ್ಯಾಹ್ನ ಸೈರನ್ ಕೂಗುತ್ತದೆ, ಜನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು, ಅದನ್ನು ನಾವು ನೋಡಿಕೊಳ್ಳಬೇಕು.

ಉರಿಗಾಂನಲ್ಲಿ ಚಿನ್ನದ ಗಣಿ ಕೆಲಸಗಾರರ ಹಳೆಯ ಮನೆಸಾಲು ನಮ್ಮದು. ಅಲ್ಲಿಗೆ ಡ್ಯೂಟಿಗೆ ನಾನೊಬ್ಬಳೇ. ಹೇಳಿಕೊಳ್ಳಲು ನಮ್ಮ ದಳ ದೊಡ್ಡದೇ, ಆದರೆ ಹಗಲು ಹೊತ್ತು ಮುಕ್ಕಾಲು ಮಂದಿ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿರುತ್ತಾರೆ. ಶತ್ರು ಬರುವುದಾದರೆ ಸಂಜೆ ರೈಲು ಬಂದ ಮೇಲೆ ಬರಲಿ ಎಂದು ನಗಾಡಿಕೊಂಡೆವು. ನಗುತ್ತಲೇ ನನಗೆ ಹೆದರಿಕೆಯೂ ಆಯಿತು.

ಅತ್ತೆಗೆ ಬೆಳಿಗ್ಗೆಯೇ ಬಿಡಿಸಿ ಹೇಳಿದ್ದೆ. "ಆಯ್ತು ಬಿಡಮ್ಮ, ಒಳಗೇ ಇರ್ತೀನಿ. ನಾನೇನು ಚಿಕ್ಕ ಮಗೀನಾ?" ಅಂದಿದ್ದರು.

ಸೈರನ್ ಕೂಗಿತು. ನಾನು ಸೀಟಿ ಬಾಯಿಗಿಡುವಷ್ಟರಲ್ಲಿ, ಮುಚ್ಚಿದ್ದ ಬಾಗಿಲುಗಳೂ ತೆರೆದವು! ಮುದುಕಿಯರೆಲ್ಲ ಬೀದಿಗೆ ಬಂದು, ಎಂದೋ ಮುಚ್ಚಿದ ಗಣಿಯ ಗೇಟಿನತ್ತ ಹೊರಟರು. ಎಲ್ಲರಿಗಿಂತ ಮುಂದೆ ನಮ್ಮ ಅತ್ತೆ, ಕೈಯಲ್ಲಿ ನೀರಿನ ಚೊಂಬು. ಗಣಿಯಿದ್ದ ಕಾಲದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಕೆಳಗೆ ಕಲ್ಲು ಕುಸಿದಿದೆ ಎಂದೇ ಅರ್ಥ. ಮಾವನನ್ನು ಮೇಲೆ ತಂದದ್ದೂ ಅಂಥದ್ದೇ ಒಂದು ಸೈರನ್ನಿನ ನಂತರ, ಉಸಿರಿಲ್ಲದೆ.

"ಒಳಗೋಗಿ ಅತ್ತೆ! ಇದು ಸುಮ್ನೆ ಕೂಗ್ತಿರೋದು!" ಎಂದು ಕಿರುಚಿದೆ. ಯಾರೂ ತಿರುಗಲಿಲ್ಲ. ನಿಜವಾದ ಬಾಂಬೇ ಆಗಿದ್ದರೆ ಇವರೆಲ್ಲರ ಗತಿ? ತಡೆಯಬೇಕೋ, ಕೈ ಹಿಡಿಯಬೇಕೋ, ಯಾವುದು ಡ್ಯೂಟಿ ಎಂದು ತಿಳಿಯದೆ ಲಾಠಿ ಹಿಡಿದು ನಾನೂ ಜೊತೆಗೆ ನಡೆದೆ.

ತುಕ್ಕು ಹಿಡಿದ ಗೇಟಿನ ಮುಂದೆ ಎಲ್ಲರೂ ನಿಂತರು. ಒಳಗೆ ಬರೀ ಗಿಡಗಂಟಿ. ಸೈರನ್ನೂ ನಿಂತಿತು. ಅತ್ತೆ ನನ್ನ ಖಾಕಿಯನ್ನು ಆಗಷ್ಟೇ ಕಂಡವರಂತೆ ನೋಡಿದರು.

"ಯುದ್ಧ ಬಂದ್ರೂ ಇದೇ ಕೂಗ್ತದಾ?"

"ಊಂ, ಅತ್ತೆ."

"ಅಂಗಾದ್ರೆ ನಿಮ್ ಸಾಯೇಬ್ರಿಗೆ ಒಂದ್ ಮಾತು ಯೋಳಮ್ಮ, ಬೇರೆ ಏನಾದ್ರೂ ಬಾರಿಸ್ಲಿ. ಇದು ಕೇಳಿದ್ರೆ ನನ್ ಕಾಲು ನನ್ ಮಾತ್ ಕೇಳಲ್ಲ."

ಸಂಜೆ ಸಾಹೇಬರ ಫೋನು ಬಂತು, ಎಲ್ಲರೂ ಒಳಗಿದ್ದರಾ ಎಂದು.

"ಎಲ್ಲಾರೂ ನನ್ ಜೊತೆಗೇ ಇದ್ರು ಸಾರ್" ಎಂದೆ. ಅದು ಸರಿಯಾದ ಉತ್ತರವೋ ತಪ್ಪೋ, ಈಗಲೂ ನನಗೆ ಗೊತ್ತಿಲ್ಲ.