ಕೆಂಪಾದ ಚಿತ್ರಾನ್ನ, ಜಂಬಕ್ಕನ ಲಿಂಬೆಹಣ್ಣು

ಜಂಬಕ್ಕ ಓದಿದ್ದು ಮೂರನೇ ತರಗತಿ. ಅದೂ ಪೂರ್ತಿಯಲ್ಲ, ನಾಟಿ ಹಂಗಾಮು ಬಂದಾಗ ಅಟ್ಟಕ್ಕೇರಿದ ಸ್ಲೇಟು ಮತ್ತೆ ಕೆಳಗಿಳಿಯಲಿಲ್ಲ. ದರೋಜಿ ಕಡೆಯ ಹುಡುಗಿ ಕಂಪ್ಲಿ ಸೀಮೆಯ ಕಾಲುವೆ ಊರೊಂದಕ್ಕೆ ಸೊಸೆಯಾಗಿ ಬಂದು, ಹದಿನೈದು ವರ್ಷ ಕೆಸರಿನಲ್ಲಿ ಬಗ್ಗಿ ಭತ್ತ ನೆಟ್ಟಳು. ಆಮೇಲೆ ಸರ್ಕಾರಿ ಶಾಲೆಯ ಬಿಸಿಯೂಟದ ಕೋಣೆ ಸೇರಿದಳು. "ನೆಟ್ಟಗ ನಿಂತು ಮಾಡೋ ಕೆಲಸ ಸಿಗೋದು ಭಾಳ ಪುಣ್ಯಾರಿ" ಎನ್ನುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಅವಳ ಅಡುಗೆಯ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ. ಗಂಡ ಹುಲುಗಪ್ಪನ ಬಾಯಲ್ಲಿ ಅದು "ನಮ್ಮಾಕೀದು ಗೌರ್ಮೆಂಟ್ ಕೆಲಸ" ಆಗಿತ್ತು. ಸಂಬಳ ಎಷ್ಟೆಂದು ಯಾರಾದರೂ ಕೇಳಿದರೆ ಮಾತ್ರ ಅವನು ಎಮ್ಮೆಗೆ ನೀರು ಕುಡಿಸಲು ಹೊರಟುಬಿಡುತ್ತಿದ್ದ.

ಜಂಬಕ್ಕ ಅಡುಗೆಯ ರುಚಿ ನೋಡುವವಳಲ್ಲ. ಮಕ್ಕಳು ಉಣ್ಣುವ ಮೊದಲು ನಾಲಿಗೆ ಹಚ್ಚಬಾರದು ಎಂಬುದು ಅವಳ ನಿಯಮ. ಅಳತೆಯೆಲ್ಲ ಕೈಯಲ್ಲೇ. ಇನ್ನೊಂದು ನಿಯಮ ಊರಿನದೇ: ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ. ತಂದವರು ಕಟ್ಟೆಯ ಮೇಲಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು.

ಅಂದು ಶಾಲೆಯಲ್ಲಿ ವಿಜ್ಞಾನ ದಿನ. ಹೊಸಪೇಟೆಯಿಂದ ಬಸ್ಸಿಗೆ ಬಂದುಹೋಗುವ ವಿಜ್ಞಾನದ ಮೇಷ್ಟ್ರು ವಿಜಯಕುಮಾರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ಜೇಬಿನಲ್ಲಿ ಮೂರು ಪೆನ್ನು, ಬರೆಯುವುದು ಒಂದೇ. ಕೆರೆಮಣ್ಣಿನಿಂದ ಮಾಡಿಸಿದ ಜ್ವಾಲಾಮುಖಿಯೊಂದನ್ನು ಹಜಾರದಲ್ಲಿ ನಿಲ್ಲಿಸಿ, ಅದರೊಳಗೆ ಸುರಿಯಬೇಕಾದ ಪುಡಿಯ ಪೊಟ್ಟಣವನ್ನು ಹುಡುಗರ ಕೈಗೆ ಸಿಗದಿರಲೆಂದು ಅಡುಗೆಕೋಣೆಯ ಬಾಗಿಲ ಕಟ್ಟೆಯ ಮೇಲಿಟ್ಟರು. ಒಳಗೆ ಹೋಗಿ ಹೇಳಬಹುದಿತ್ತು. ಆದರೆ ಬೂಟು ಬಿಚ್ಚಬೇಕಾಗುತ್ತಿತ್ತು, ಅದರ ಲೇಸು ಬೇರೆ ಬಿಗಿಯಾಗಿತ್ತು.

ಸಹಾಯಕಿ ಲಲಿತಾ ಉಪ್ಪು ತರಲು ಅಂಗಡಿಗೆ ಹೋಗಿದ್ದಳು. ಜಂಬಕ್ಕ ನೂರಾ ಇಪ್ಪತ್ತು ಮಕ್ಕಳ ಅನ್ನಕ್ಕೆ ಅರಿಶಿನದ ಒಗ್ಗರಣೆ ಕಲಸಿ ತಿರುಗಿ ನೋಡಿದರೆ ಕಟ್ಟೆಯ ಮೇಲೆ ಪೊಟ್ಟಣ, ಒಳಗೆ ಬೆಳ್ಳಗಿನ ಪುಡಿ. "ಇವತ್ತು ಜಲ್ದಿ ಬಂದು ಇಟ್ಟು ಹೋಗ್ಯಾಳ" ಎಂದುಕೊಂಡು ಅದರಲ್ಲಿದ್ದ ಒಂದು ಹಿಡಿಯಷ್ಟನ್ನೂ ಉದುರಿಸಿ, ನೀರು ಚಿಮುಕಿಸಿ, ಕಲಸತೊಡಗಿದಳು.

ಕೈ ಹೋದಲ್ಲೆಲ್ಲ ಹಳದಿ ಅನ್ನ ಇಟ್ಟಿಗೆಯಂತೆ ಕೆಂಪಾಯಿತು.

ಜಂಬಕ್ಕ ಕಲಸುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅದೇ ಹೊತ್ತಿಗೆ ಪ್ರದರ್ಶನ ಉದ್ಘಾಟಿಸಲು ಬಂದಿದ್ದ ಶಾಲಾ ಸಮಿತಿಯ ಅಧ್ಯಕ್ಷ, ಅಕ್ಕಿ ಮಿಲ್ಲಿನ ಕೊಟ್ರಬಸಪ್ಪ ಒಗ್ಗರಣೆಯ ವಾಸನೆ ಹಿಡಿದು ಬಾಗಿಲಿಗೇ ಬಂದರು. ಹಿಂದೆ ಮೇಷ್ಟ್ರು, ಅವರ ಹಿಂದೆ ಅರ್ಧ ಶಾಲೆ.

"ಏನವ್ವಾ ಇದು! ಸಂಡೂರಿನ ಅದಿರಿನ ಧೂಳು ಬಿದ್ದೈತೇನು?"

"ಇಲ್ರೀ ಸಾವ್ಕಾರ್ರ, ಅಲ್ಲಿಂದ ಇಲ್ಲೀತನಕ ಹೆಂಗ ಬರ್ತೈತ್ರಿ..."

"ಮತ್ತ ಅಕ್ಕಿ ಮ್ಯಾಲೆ ಹಾಕಬ್ಯಾಡ. ನಮ್ಮ ಮಿಲ್ಲಿಂದು ಅಲ್ಲಾ ಇದು." ಯಾರೂ ಹೊರಿಸದ ಆರೋಪವನ್ನು ಕಳಚಿಕೊಂಡ ಮೇಲೆ ಅಧ್ಯಕ್ಷರ ದನಿ ಏರಿತು. "ಚೆಲ್ಲು ಮೊದಲು! ಮಕ್ಕಳಿಗೆ ಏನರ ಆದ್ರ ಪೇಪರಿನಾಗ ನನ್ನ ಫೋಟೋ ಬರ್ತೈತಿ. ನಾಳಿಂದ ನೀ ಬರಬ್ಯಾಡ. ಬ್ಯಾರೆ ಯಾರನ್ನರ ನೋಡ್ತೀನಿ."

ಜಂಬಕ್ಕನ ಕಣ್ಣ ಮುಂದೆ ಮತ್ತೆ ಕೆಸರುಗದ್ದೆ ಬಂತು. ಸೊಂಟ ತಾನಾಗಿಯೇ ನೋಯತೊಡಗಿತು.

ಅಷ್ಟರಲ್ಲಿ ಲಲಿತಾ ಏದುಸಿರು ಬಿಡುತ್ತ ಜನರ ನಡುವೆ ನುಗ್ಗಿ, ಪದ್ಧತಿಯಂತೆ ಪ್ಯಾಕೆಟ್ಟನ್ನು ಕಟ್ಟೆಯ ಮೇಲಿಟ್ಟಳು. "ತಗೋ ಯಕ್ಕಾ, ಉಪ್ಪು. ಅಂಗಡ್ಯಾಗ ಭಾಳ ಮಂದಿ."

"ಇದು ಉಪ್ಪಂದ್ರ, ಅದೇನಲೇ ನಾ ಹಾಕಿದ್ದು?" ಜಂಬಕ್ಕ ಖಾಲಿ ಕಾಗದ ಎತ್ತಿ ಹಿಡಿದಳು.

ವಿಜಯಕುಮಾರರ ಮುಖ ಅಂಗಿಯ ಬಣ್ಣಕ್ಕೆ ತಿರುಗಿತು. ಅದನ್ನು ಕಂಡದ್ದು ಜಂಬಕ್ಕ ಒಬ್ಬಳೇ. ಮೇಷ್ಟ್ರ ಮೇಲೆ ಅಡುಗೆಯವಳು ಬೊಟ್ಟು ಮಾಡುವುದು ಹೇಗೆ? ಮೇಷ್ಟ್ರು ಒಮ್ಮೆ ಅಧ್ಯಕ್ಷರನ್ನು, ಒಮ್ಮೆ ಮಕ್ಕಳನ್ನು, ಕೊನೆಗೆ ತಮ್ಮ ಬೂಟನ್ನು ನೋಡಿಕೊಂಡರು.

"ಅದು ನಂದ್ರಿ," ಎಂದರು. "ಅಡಿಗಿ ಸೋಡಾ. ಜ್ವಾಲಾಮುಖಿಗೆ ತಂದಿದ್ದೆ. ಹೇಳದಽ ಇಟ್ಟು ಹೋದೆ. ತಪ್ಪು ಆಕೀದಲ್ರಿ, ನಂದು."

"ವಿಷ ಅಲ್ಲ ಹೌದಿಲ್ಲೋ?" ಅಧ್ಯಕ್ಷರು ಕೇಳಿದರು.

"ನೀವು ದಿನಾ ತಿನ್ನೋ ಮಿರ್ಚಿ ಭಜಿಗೂ ಅದನ್ನಽ ಹಾಕ್ತಾರ್ರಿ. ಆದ್ರ ಈ ಬಣ್ಣದ್ದು ಯಾರು ಉಣ್ತಾರ?"

ಬಣ್ಣ ಎಂದೊಡನೆ ಜಂಬಕ್ಕನಿಗೆ ಗಾಬರಿಯಲ್ಲಿ ಮರೆತದ್ದು ನೆನಪಾಯಿತು. ಮದುಮಕ್ಕಳಿಗೆ ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಹೀಗೇ ಕೆಂಪಾಗುತ್ತದೆ. ಸೀರೆಯ ಅರಿಶಿನದ ಕಲೆಗೆ ಸೋಪು ತಿಕ್ಕಿದರೂ ಇದೇ ಕೆಂಪು; ಮೇಲೆ ಲಿಂಬೆಹಣ್ಣು ಉಜ್ಜಿದರೆ ಮತ್ತೆ ಹಳದಿ.

"ಲಲಿತಾ, ಲಿಂಬಿಹಣ್ಣು ಕೊಯ್ಯಲೇ. ಎಲ್ಲಾನೂ!"

ಚಿತ್ರಾನ್ನಕ್ಕೆಂದು ತಂದಿದ್ದ ನಲವತ್ತು ಹಣ್ಣು ಹೋಳಾದವು. ಜಂಬಕ್ಕ ಹಿಂಡಿದಳು. ಅನ್ನ ಚುಸ್ ಎಂದು ನೊರೆಯಾಡಿತು. ಕಲಸಿದಳು, ಮತ್ತೆ ಹಿಂಡಿದಳು. ಕೆಂಪು ಹಿಂದೆ ಸರಿದು, ಹಳದಿ ತನ್ನ ಜಾಗಕ್ಕೆ ಬಂತು.

"ಸಾರ್, ಜ್ವಾಲಾಮುಖಿ ಅನ್ನದಾಗ ಐತಿ!" ಏಳನೇ ತರಗತಿಯ ಸುಕನ್ಯಾ ಕೂಗಿದಳು.

ಮೇಷ್ಟ್ರು ಎರಡು ವಾರ ಬಾಯಿಪಾಠ ಮಾಡಿದ್ದ ಭಾಷಣವನ್ನು ಅಲ್ಲೇ ಬಿಟ್ಟರು. "ಹೌದವ್ವ. ಸೋಡಾ ಕ್ಷಾರ, ಲಿಂಬಿ ಆಮ್ಲ. ಎರಡೂ ಕೂಡಿದ್ರ ಒಂದರ ಜೋರು ಇನ್ನೊಂದು ಇಳಸ್ತೈತಿ. ನೊರಿ ಬಂತಲ್ಲ, ಅದು ಕಾರ್ಬನ್ ಡೈಆಕ್ಸೈಡ್; ಗೋಲಿಸೋಡಾದಾಗ ಬುರ್ ಅನ್ನೋ ಗಾಳಿ. ಅರಿಶಿನ ಕ್ಷಾರ ಕಂಡ್ರ ಕೆಂಪು, ಆಮ್ಲ ಕಂಡ್ರ ಹಳದಿ. ಇದನ್ನ ತೋರ್ಸಾಕ ಲಿಟ್ಮಸ್ ಕಾಗದ ಕಳಸ್ರಿ ಅಂತ ಮೂರು ವರ್ಷದಿಂದ ಅರ್ಜಿ ಬರಿಯಾಕ ಹತ್ತೀನಿ. ಅರಿಶಿನದ ಡಬ್ಬಿ ಇಲ್ಲೇ ಇತ್ತು!"

"ಕೇಳಿದ್ರ ಕೊಡ್ತಿದ್ದೆನಲ್ರಿ" ಎಂದಳು ಜಂಬಕ್ಕ.

ಸೋಡಾ, ಲಿಂಬೆ ಸೇರಿ ಅನ್ನ ಆಗಲೇ ಉಪ್ಪುಪ್ಪಾಗಿರುತ್ತದೆ, ಉಪ್ಪು ಅರ್ಧವೇ ಸಾಕೆಂದು ಮೇಷ್ಟ್ರು ಹೇಳಿದರು. ಮಕ್ಕಳಿಗಿಂತ ಮೊದಲು ಶಿಕ್ಷಕರು ಉಂಡು ನೋಡಬೇಕೆಂಬುದು ನಿಯಮ. ವಿಜಯಕುಮಾರ್ ಲೇಸು ಬಿಚ್ಚಿ, ಬೂಟು ಹೊರಗಿಟ್ಟು ಒಳಗೆ ಬಂದು ಕುಳಿತರು. ಮೊದಲ ತುತ್ತು ಬಾಯಿಗೆ ಹೋದಾಗ ಶಾಲೆಗೆ ಶಾಲೆಯೇ ಅವರ ಗಂಟಲನ್ನು ನೋಡುತ್ತಿತ್ತು. ಅದು ಇಳಿಯಿತು. ಎರಡನೆಯದು ತಾನಾಗಿಯೇ ಹೋಯಿತು.

"ಮಸ್ತ್ ಐತ್ರಿ. ಹುಳಿ ಒಂಚೂರು ಮುಂದ, ಅಷ್ಟಽ."

ಮಕ್ಕಳ ಸಾಲು ಕುಳಿತಿತು. ಅಧ್ಯಕ್ಷರೂ ಒಂದು ತಾಟು ಹಾಕಿಸಿಕೊಂಡು, ಅನ್ನ ಉದುರುದುರಾಗಿರುವುದಕ್ಕೆ ತಮ್ಮ ಮಿಲ್ಲೇ ಕಾರಣವೆಂದು ಪಕ್ಕದ ಎರಡನೇ ತರಗತಿಯ ಹುಡುಗನಿಗೆ ವಿವರಿಸುತ್ತಿದ್ದರು. ಜಂಬಕ್ಕ ಬಕೆಟ್ಟು ಹಿಡಿದು ಅವರ ಮುಂದೆ ನಿಂತಳು, ಬಡಿಸಲಿಲ್ಲ.

"ಸಾವ್ಕಾರ್ರ, ನಾಳೆ ಅಡಿಗಿಗೆ ಯಾರು ಬರ್ತಾರ್ರಿ?"

ಕೊಟ್ರಬಸಪ್ಪ ತಲೆ ಎತ್ತಲಿಲ್ಲ. ಖಾಲಿ ತಾಟನ್ನು ಮುಂದಕ್ಕೆ ಸರಿಸಿ, "ಯಾರಂದ್ರ? ನೀನಽ," ಎಂದರು. "ಸಿಟ್ಟಿನಾಗ ನೂರು ಅಂತೀವಿ. ನೀಡು ಈಗ."

ಜಂಬಕ್ಕ ಸೌಟು ತುಂಬ ನೀಡಿದಳು. ಹಿಂತಿರುಗುತ್ತ, "ಲಲಿತಾ, ನಾಳಿಗೆ ಬ್ಯಾಳಿ ಆರಿಸಿಡಬೇಕಲೇ" ಎಂದು ಕೂಗಿದಳು, ಇಡೀ ಹಜಾರಕ್ಕೆ ಕೇಳುವಷ್ಟು ಜೋರಾಗಿ.