ಹೊಟ್ಟೆ ಒಪ್ಪಿದ ಮೇಲೆ ಸಂಡೂರಿಗೆ

ಮಾಘದ ಒಂದು ಬೆಳಿಗ್ಗೆ ನಾನೂ ನಮ್ಮ ಮನೆಯವರೂ ಮೆಟ್ರಿಯಿಂದ ಕಂಪ್ಲಿಗೆ ಬಂದು ಹೊಸಪೇಟೆಯ ಬಸ್ಸು ಹತ್ತಿದೆವು. ಹೋಗಬೇಕಾಗಿದ್ದದ್ದು ಸಂಡೂರಿಗೆ, ನನ್ನ ಅಕ್ಕ ನಾಗಮ್ಮನ ಮನೆಗೆ. ಗಣಿಯಲ್ಲಿ ಕೆಲಸಕ್ಕಿದ್ದ ಭಾವ ದಸರೆಯ ಹೊತ್ತಿಗೆ ಜ್ವರ ಬಂದು ತೀರಿಕೊಂಡಿದ್ದರು. ಮಣ್ಣು ಕೊಡಲು ನಮ್ಮ ಮನೆಯವರೊಬ್ಬರೇ ಹೋಗಿ ಬಂದಿದ್ದರು. ನಾನು ಹೋಗಿರಲಿಲ್ಲ. ಅಂದಿನಿಂದ ಅಕ್ಕ ನನ್ನ ಸುದ್ದಿಯನ್ನೇ ಕೇಳಿರಲಿಲ್ಲ.

ಹೋಗದಿದ್ದದ್ದಕ್ಕೆ ಕಾರಣ ನನ್ನ ಹೊಟ್ಟೆ. ಕೆಲವು ವರ್ಷಗಳಿಂದ ಅದು ನನ್ನ ಮಾತು ಕೇಳುತ್ತಿರಲಿಲ್ಲ. ಒಂದು ವಾರ ಕಟ್ಟಿಕೊಂಡು ಉಬ್ಬರಿಸಿದರೆ ಮರುವಾರ ನುಲಿದು ನುಲಿದು ಓಡಿಸುತ್ತಿತ್ತು. ಊರಲ್ಲಾದರೆ ಚರಿಗೆ ಹಿಡಿದು ಬಯಲಿಗೆ ಓಡಬಹುದು. ತುಂಬಿದ ಬಸ್ಸಿನಲ್ಲಿ ಹೆಂಗಸು ಏನು ಮಾಡಬೇಕು? ಬಸ್ಸೆಂದು ನೆನೆದರೇ ಕಿಬ್ಬೊಟ್ಟೆ ಹಿಂಡುತ್ತಿತ್ತು. ಮದುವೆ, ತೊಟ್ಟಿಲು ಎಲ್ಲವನ್ನೂ ಬಿಟ್ಟಿದ್ದೆ. ಯಾಕೆಂಬುದು ಮನೆಯವರೊಬ್ಬರಿಗೇ ಗೊತ್ತಿತ್ತು, ಯಾರಿಗೂ ಹೇಳಬೇಡಿರೆಂದು ಅವರಿಂದಲೂ ಮಾತು ತೆಗೆದುಕೊಂಡಿದ್ದೆ.

ಭಾವನ ಮಣ್ಣಿನಿಂದ ಬಂದ ಮೇಲೆ ಮನೆಯವರು ನನ್ನನ್ನು ಗಾಡಿ ಕಟ್ಟಿಸಿ ಕಂಪ್ಲಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಪರೀಕ್ಷೆಗಳೆಲ್ಲ ಆದ ಮೇಲೆ ಆಕೆ, "ಹುಣ್ಣಿಲ್ಲ, ಗಡ್ಡೆ ಇಲ್ಲ. ಕರುಳು ಸೂಕ್ಷ್ಮ ಆಗೇತಿ. ಏನು ಉಣ್ತೀರಿ?" ಎಂದು ಕೇಳಿದರು.

"ಅನ್ನಾರೀ. ಕಾಲುವಿ ನೀರು ಬಂದಾಗಿಂದ ಮೂರೂ ಹೊತ್ತು ಅನ್ನ."

ನಿಜವೇ. ನಮ್ಮ ಹೊಲದಲ್ಲಿ ಜೋಳ ಹೋಗಿ ಭತ್ತ ಬಂದಿತ್ತು. ಮಿಲ್ಲಿನ ಬಿಳಿ ಅಕ್ಕಿ ಉಣ್ಣುವುದೇ ದೊಡ್ಡಸ್ತಿಕೆಯಾಗಿತ್ತು. ಡಾಕ್ಟರಮ್ಮ ಜೋಳದ ರೊಟ್ಟಿ, ಸೊಪ್ಪು, ಕಾಳು ತಿನ್ನಲು ಹೇಳಿ, ಇಸಬಗೋಲಿನ ಹೊಟ್ಟನ್ನು ನೀರಿನಲ್ಲಿ ಕಲಸಿ ಕುಡಿಯಲು ಕೊಟ್ಟರು. "ಸ್ವಲ್ಪದಿಂದ ಶುರು ಮಾಡ್ರಿ, ನೀರು ಭಾಳ ಕುಡೀರಿ. ಅವಸರ ಬ್ಯಾಡ."

ನಾನು ಅವಸರ ಮಾಡಿದೆ. ಒಮ್ಮೆಲೇ ಹೆಚ್ಚು ಕುಡಿದು, ಹೊಟ್ಟೆ ಉಬ್ಬಿ ಹಾಸಿಗೆ ಹಿಡಿದೆ. ಮತ್ತೆ ಅರ್ಧ ಚಮಚದಿಂದ ಮೊದಲುಮಾಡಿದೆ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಹೊಟ್ಟೆ ಪೂರ್ತಿ ವಾಸಿಯಾಗದಿದ್ದರೂ ಒಂದು ಹದಕ್ಕೆ ಬಂತು. ಆಗ ನಾನೇ ಹೇಳಿದೆ, "ಅಕ್ಕನ ಮನಿಗೆ ಹೋಗೂನು ನಡೀರಿ."

ಕಮಲಾಪುರದಲ್ಲಿ ಹಂಪಿಗೆ ಹೋಗುವವರು ಇಳಿದು ಬಸ್ಸು ಹಗುರಾಯಿತು. ಕೆರೆಯ ಮೇಲಿಂದ ತಣ್ಣನೆ ಗಾಳಿ ಬರುತ್ತಿತ್ತು. ಮೊದಲೆಲ್ಲ ಪ್ರಯಾಣದ ದಿನ ಉಪವಾಸವಿರುತ್ತಿದ್ದೆ. ಅಂದು ಹೊಸಪೇಟೆಯ ನಿಲ್ದಾಣದಲ್ಲಿ ಕೂತು, ಕಟ್ಟಿಕೊಂಡು ಬಂದಿದ್ದ ರೊಟ್ಟಿಯನ್ನೂ ಹೆಸರುಕಾಳಿನ ಪಲ್ಯವನ್ನೂ ತಿಂದೆ.

ಅಲ್ಲಿಂದ ಸಂಡೂರಿನ ಬಸ್ಸು ಹತ್ತಿ ಗುಡ್ಡ ಏರುವಾಗ ಅದಿರಿನ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು. ನಮ್ಮ ಬಸ್ಸೂ ನಿಂತಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ, ರಸ್ತೆ ತುಂಬ ಗಂಡಸರು. ನನ್ನ ಹೊಟ್ಟೆ ನುಲಿಯತೊಡಗಿತು. ಮನೆಯವರು ನನ್ನ ಮುಖ ನೋಡಿಯೇ ತಿಳಿದುಕೊಂಡು, "ಇಳಿತೀಯೇನು?" ಎಂದರು.

"ತಡೀರಿ."

ಮುಂದಿನ ಸೀಟಿನ ಕಂಬಿಯನ್ನು ಹಿಡಿದು ಕೂತೆ. ಗಿಡಗಳ ಎಲೆಗಳೆಲ್ಲ ಅದಿರಿನ ಧೂಳಿನಿಂದ ಕೆಂಪಾಗಿದ್ದವು. ನುಲಿತ ಇನ್ನೊಮ್ಮೆ ಬಂತು, ನಿಧಾನವಾಗಿ ಇಳಿಯಿತು. ಲಾರಿ ಸರಿಯುವ ಹೊತ್ತಿಗೆ ನಾನು ಬೆವೆತುಹೋಗಿದ್ದೆ. ಆದರೆ ಕೂತ ಜಾಗದಲ್ಲೇ ಇದ್ದೆ.

ಅಕ್ಕ ಬಾಗಿಲಲ್ಲಿ ನಮ್ಮನ್ನು ಕಂಡು ಬಾ ಎನ್ನಲಿಲ್ಲ. ಬಳೆಯಿಲ್ಲದ ಕೈಯಿಂದ ನೀರು ತಂದಿಟ್ಟು, "ಗದ್ದಿ ಸಾಹುಕಾರ್ತಿಗೆ ಈಗ ಬಿಡುವು ಸಿಕ್ತೇನು?" ಎಂದಳು. ಮನೆಯವರು ಎದ್ದು ಹೊರಗೆ ಹೋದರು. ನಾನು ಅವಳ ಎದುರು ಕೂತು ಎಲ್ಲವನ್ನೂ ಹೇಳಿದೆ.

ಅವಳು ನನ್ನ ಹತ್ತಿರ ಸರಿದು ಕೂತಳು. ಆಮೇಲೆ ಕೇಳಿದಳು: "ನನ್ನ ಮುಂದೂ ನಾಚಿಕಿಯೇನ? ಸಣ್ಣಾಕಿದ್ದಾಗ ನಿನ್ನ ತೊಳದಾಕಿ ನಾನ ಅಲ್ಲೇನ?"

ಭಾವನಿಗಾಗಿ ನಾನು ಅತ್ತದ್ದು ಆಗ. ಅಕ್ಕನೂ ಅತ್ತಳು.

ಮರುದಿನ ಅವಳೇ ರೊಟ್ಟಿ ಬಡಿದು ಬುತ್ತಿ ಕಟ್ಟಿದಳು. ಬೇಡವೆಂದರೂ ಕೇಳದೆ ನಿಲ್ದಾಣದವರೆಗೆ ಬಂದಳು. ನಾವು ಬಸ್ಸು ಹತ್ತಿ ಕೂತ ಮೇಲೆ ಮುಂದೆ ಹೋಗಿ ಎಲ್ಲರಿಗೂ ಕೇಳುವಂತೆ ಕೂಗಿದಳು: "ಡ್ರೈವರಣ್ಣಾ, ಆಕಿ ನನ್ನ ತಂಗಿ. ಹೊಟ್ಟಿ ಸೂಕ್ಷ್ಮ ಐತಿ. ಎಲ್ಲಿ ನಿಲ್ಲಸಂತಾಳ, ಅಲ್ಲಿ ನಿಲ್ಲಸಪ್ಪ!"

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. "ಆತಬೇ, ಚಿಂತಿ ಮಾಡಬ್ಯಾಡ," ಎಂದ ಡ್ರೈವರು, ಅದೇನೂ ದೊಡ್ಡ ಮಾತಲ್ಲವೆಂಬಂತೆ.

ಪಕ್ಕದಲ್ಲಿ ಕೂತಿದ್ದವಳು ಅಕ್ಕನ ಓಣಿಯವಳೇ. "ಗಂಡ ಸತ್ತ ಮ್ಯಾಲೆ ಆಕಿ ಹೊಸ್ತಿಲು ದಾಟಿದ್ದು ಇವತ್ತ ಮೊದಲು," ಎಂದಳು ಮೆಲ್ಲಗೆ.

ನಾನು ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ. ಅಕ್ಕ ಕೆಂಪು ರಸ್ತೆಯ ನಡುವೆ, ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ನಿಂತೇ ಇದ್ದಳು.