ರೊಟ್ಟಿಯ ಅಂಚಿನಲ್ಲಿ ಫೆಬ್ರವರಿ

ಶಿಕಾರಿಪುರ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಈ ಬೆಳಿಗ್ಗೆ ಅಕ್ಕಿ ರೊಟ್ಟಿ ಬಂತು. ಅಂಚು ಒಂದು ಕಡೆ ಚೂರು ಮುರಿದಿತ್ತು. ಏಪ್ರಿಲ್ಲೋ ಸೆಪ್ಟೆಂಬರೋ ಇರಬೇಕು ಅಂದುಕೊಂಡೆ. ನೀವು ನಗುವ ಮೊದಲೇ ದೊಡ್ಡಪ್ಪನ ಗಡಿಯಾರದ ವಿಷಯ ಹೇಳಿಬಿಡುತ್ತೇನೆ.

ದೊಡ್ಡಪ್ಪ ಮುಂಬಯಿಯಲ್ಲಿ ಪಾರ್ಸಿ ಹಿರಿಯರೊಬ್ಬರ ಮನೆಯಲ್ಲಿ ಬಹಳ ಕಾಲ ಅಡುಗೆ ಮಾಡಿದವರು. ಊರಿಗೆ ಮರಳುವ ದಿನ ಆ ಹಿರಿಯರು ತಮ್ಮ ಕೈಗಡಿಯಾರವನ್ನೇ ಬಿಚ್ಚಿ ಕೊಟ್ಟರಂತೆ. ದಿನಾ ಕೀ ಕೊಟ್ಟರೆ ಸಾಕು, ವಾರ, ತಾರೀಕು, ತಿಂಗಳು ಎಲ್ಲ ತಾನೇ ತೋರಿಸುತ್ತದೆ. ಯಾವ ತಿಂಗಳಿಗೆ ಎಷ್ಟು ದಿನ ಎಂದು ಅದಕ್ಕೆ ಹೇಳಿಕೊಡಬೇಕಿಲ್ಲ. ಪತ್ರಿಕೆಯ ವರದಿಗಾರನಾಗಿ ದಿನಾಂಕ ತಪ್ಪದಂತೆ ನೋಡಿಕೊಳ್ಳಬೇಕಿದ್ದ ನಾನಾದರೋ ಇವತ್ತಿಗೂ ಮುಷ್ಟಿಯ ಗೆಣ್ಣು ಎಣಿಸಿಯೇ ಅದನ್ನು ಹೇಳುವವನು.

ಅದು ಹೇಗೆ ಎಂದು ಒಮ್ಮೆ ಕೇಳಿದೆ. ದೊಡ್ಡಪ್ಪ ತಟ್ಟೆಯ ರೊಟ್ಟಿ ಎತ್ತಿಕೊಂಡರು.

"ಇದು ನಾಕು ವರ್ಷಕ್ಕೆ ಒಂದು ಸುತ್ತು ತಿರುಗೋ ಚಕ್ರ ಅಂತ ತಿಳ್ಕೋ. ಮೂವತ್ತೊಂದರ ತಿಂಗಳಿಗೆ ಅಂಚು ಹಂಗೇ ಇರ್ತತಿ. ಮೂವತ್ತರದಕ್ಕೆ ಸಣ್ಣ ಕಚ್ಚು. ಫೆಬ್ರವರಿಗೆ ಆಳದ ಕಚ್ಚು."

ಹೇಳುತ್ತಲೇ ಮೂರು ಕಡೆ ಕಚ್ಚಿ ತಿಂದರು. ನಾಲ್ಕನೆಯ ಕಡೆ ಹಲ್ಲನ್ನು ಸ್ವಲ್ಪ ತಡೆದು ಕಚ್ಚಿದರು. "ಇದು ಇಪ್ಪತ್ತೊಂಬತ್ತರ ಫೆಬ್ರವರಿ. ಅಂಚಿನ ಮೇಲೆ ಒಂದು ಕಡ್ಡಿ ಸವರ್ಕೊಂಡು ಹೋಗ್ತತಿ. ಎಷ್ಟು ಆಳಕ್ಕೆ ಇಳೀತದೋ ಅಷ್ಟು ದಿನ ಹಾರಿಸ್ತತಿ."

"ಬಿಸಿ ರೊಟ್ಟಿ ಹಾಕಿದ್ರೆ ಕ್ಯಾಲೆಂಡರ್ ಮಾಡ್ಕೊಂಡು ಕುಂತೀರಲ್ರೀ," ಎಂದರು ದೊಡ್ಡಮ್ಮ. "ನಮ್ಮ ಅಧಿಕ ಮಾಸ ಗೊತ್ತೈತೇನು ಅದಕ್ಕೆ?"

ನಾನು ಆ ನಾಲ್ಕನೆಯ ಕಚ್ಚನ್ನೇ ನೋಡುತ್ತಿದ್ದೆ. ಒಂದು ದಿನ ಎಂದರೆ ಲೋಹದಲ್ಲಿ ಕೂದಲೆಳೆಯಷ್ಟು ಅಂತರ. ಅದು ನಾಲ್ಕು ವರ್ಷ ಕತ್ತಲಲ್ಲಿ ಸುತ್ತಿ ತನ್ನ ಸರದಿಗೆ ಬರುತ್ತದೆ.

ಹೋದ ಅಧಿಕ ವರ್ಷದ ಹಿಂದಿನ ಮಳೆಗಾಲದಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಅವರು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾಗ ಗಡಿಯಾರ ನಿಂತುಹೋಯಿತು. ಮನೆಗೆ ಬಂದ ಮೇಲೆ ತಾವೇ ಕೂತು, ತಿಂಗಳುಗಳನ್ನು ಎಣಿಸಿ ಸರಿಮಾಡಿದರು. ಕೆಲವು ಗಡಿಯಾರಗಳಲ್ಲಿ ಅಧಿಕ ವರ್ಷ ತೋರಿಸಲು ಬೇರೆ ಮುಳ್ಳಿರುತ್ತದಂತೆ. ಇದರಲ್ಲಿ ಇಲ್ಲ. ಎಣಿಕೆ ತಪ್ಪಿದ್ದರೂ ಫೆಬ್ರವರಿ ಮುಗಿಯುವವರೆಗೆ ತಿಳಿಯುವುದಿಲ್ಲ.

ಅಷ್ಟರಲ್ಲಿ ಉಳವಿಯಿಂದ ಮಗಳು ಗಿರಿಜಕ್ಕ ಬಂದಳು. "ಅಪ್ಪಾಜಿ, ಇನ್ಮೇಲೆ ಒಬ್ರೇ ಬಸ್ ಹತ್ಬೇಡಿ. ನಮ್ಮನೆಗೆ ಅಂತ ಹೊರಟೋರು ಬೇರೆ ಯಾವ್ದೋ ಬಸ್ ಹತ್ತಿ ಆನವಟ್ಟೀಲಿ ಇಳಿದಿದ್ರಂತೆ."

ದೊಡ್ಡಪ್ಪ ಗಡಿಯಾರ ಕಟ್ಟಿದ ಕೈ ಮುಂದೆ ಚಾಚಿದರು. "ಇದನ್ನ ಸರಿ ಮಾಡಿದೋನು ನಾನು. ಬರೋ ಫೆಬ್ರವರಿ ಇಪ್ಪತ್ತೊಂಬತ್ತನೇ ತಾರೀಕು ಇದು ತಪ್ಪಿದ್ರೆ ಒಬ್ನೇ ಹೋಗಲ್ಲ. ಸರಿ ಇದ್ರೆ ನೀ ತುಟಿ ಬಿಚ್ಚಂಗಿಲ್ಲ."

ಆ ಇಪ್ಪತ್ತೊಂಬತ್ತರ ಬೆಳಿಗ್ಗೆ ನಾವೆಲ್ಲ ಅವರ ಕೈಯ ಮೇಲೆ ಬಗ್ಗಿದೆವು. ಗಡಿಯಾರ ಮಾರ್ಚ್ ಒಂದು ಎನ್ನುತ್ತಿತ್ತು.

"ಕನ್ನಡಕ ಒರೆಸ್ಕೊಂಡು ನೋಡ್ರೀ," ಎಂದರು ದೊಡ್ಡಮ್ಮ. ಈ ಸಲ ಅವರ ದನಿಯಲ್ಲಿ ತಮಾಷೆಯಿರಲಿಲ್ಲ.

ದೊಡ್ಡಪ್ಪ ಕನ್ನಡಕ ಒರೆಸಿ ಮತ್ತೆ ನೋಡಿದರು. "ಇದರದ್ದೇನೂ ತಪ್ಪಿಲ್ಲ. ನಾನೇ ವರ್ಷ ತಪ್ಪಿ ಹೇಳಿದ್ದೆ. ಅದನ್ನೇ ನಂಬ್ಕೊಂಡು ಇಲ್ಲೀತನ ನಡೆದು ಬಂದೈತಿ, ಪಾಪ."

ಗಿರಿಜಕ್ಕ ಗೆದ್ದಿದ್ದಳು. ಆದರೂ ಒಳಗೆ ಹೋಗಿ ಮುಖ ತೊಳೆದು ಬಂದಳು.

ಆಮೇಲೆ ದೊಡ್ಡಪ್ಪ ಹೇಳಿದಂತೆ ನಾನು ಗಡಿಯಾರದ ಪಕ್ಕದ ಪುಟ್ಟ ಗುಂಡಿಗಳನ್ನು ಕಡ್ಡಿಯಿಂದ ಒತ್ತುತ್ತ ಹೋದೆ. ತಿಂಗಳುಗಳು ಸರಿದವು. ಫೆಬ್ರವರಿ ಬಂದಾಗಲೆಲ್ಲ ಮುಳ್ಳು ಇಪ್ಪತ್ತೆಂಟರಿಂದ ಒಂದಕ್ಕೆ ಹಾರಿತು. ಕೊನೆಗೊಂದು ಫೆಬ್ರವರಿಯಲ್ಲಿ ಹಾರಲಿಲ್ಲ. ಇಪ್ಪತ್ತೊಂಬತ್ತರ ಮೇಲೆ ಮೆತ್ತಗೆ ನಿಂತಿತು. ನಾಲ್ವರೂ ಉಸಿರು ಬಿಟ್ಟೆವು. ಎಷ್ಟೋ ಸುದ್ದಿಗಳನ್ನು ಎದುರು ನಿಂತು ನೋಡಿ ಬರೆದಿದ್ದೇನೆ. ಒಂದು ಮುಳ್ಳು ಸುಮ್ಮನೆ ನಿಂತದ್ದಕ್ಕೆ ಮೈ ಜುಮ್ಮೆಂದದ್ದು ಅದೊಂದೇ ಸಲ.

ಅಂದಿನಿಂದ ದೊಡ್ಡಪ್ಪ ಮಾತಿಗೆ ತಪ್ಪಿಲ್ಲ. ಉಳವಿಗೆ ಹೋಗುವಾಗ ಜೊತೆಗೆ ನಾನಿರುತ್ತೇನೆ. ಇವತ್ತೂ ಹೊರಟಿದ್ದೇವೆ. ರೊಟ್ಟಿ ಮುಗಿಸಿ ಹೊರಗೆ ಬಂದರೆ ಬಸ್ಸೊಂದು ನಿಂತಿತ್ತು.

"ಇದೇ ಏನೋ ನಮ್ದು?"

"ಇದೇ, ದೊಡ್ಡಪ್ಪ."

ಅವರು ಇನ್ನೊಂದು ಮಾತು ಕೇಳದೆ ಮೆಟ್ಟಿಲು ಹತ್ತಿದರು. ನಾನು ಹಿಂದೆ ಸರಿದು, ಬೋರ್ಡನ್ನು ಮತ್ತೊಮ್ಮೆ ಓದಿಕೊಂಡೆ.